ಕೀಪ್ಯಾಡ್ ಫೋನಿನಲ್ಲಿ ನಲಿಕಲಿ ನಡೆಸಿದ್ದು: ನನ್ನ ಅನುಭವ

ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ವಿದ್ಯಾಗಮ ಯೋಜನೆ 2020ರ ಅಕ್ಟೋಬರಿನಲ್ಲಿ ನಿಂತಾಗ ನಮ್ಮ ಕ್ಲಸ್ಟರಿನಲ್ಲಿ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನಲ್ಲಿ, ಬಹಳಷ್ಟು ಶಿಕ್ಷಕರು ವಾಟ್ಸಾಪ್ ಗುಂಪನ್ನೇ ನೆಚ್ಚಿಕೊಂಡರು. ಅದನ್ನು ನಾನು ಜೂನಿನಿಂದಲೇ ಮಾಡಿ ನೋಡಿದ್ದೆ. ರಾಯಚೂರು ಜಿಲ್ಲೆಯ ಮಾನ್ವಿ ಕಡೆಯ ಊರು, ಒಂದರಿಂದ ಮೂರನೇ ತರಗತಿವರೆಗೆ ಮೂವತ್ತು ಚಿಲ್ಲರೆ ಮಕ್ಕಳು, ಸ್ಮಾರ್ಟ್‌ಫೋನ್ ಇದ್ದದ್ದು ಏಳೆಂಟು ಮನೆಯಲ್ಲಿ. ಅದೂ ಅಪ್ಪನ ಜೇಬಲ್ಲಿ ಹೊಲಕ್ಕೆ ಹೋಗಿ, ಕತ್ತಲಾದ ಮೇಲೆ ಡೇಟಾ ಖಾಲಿ ಮಾಡಿಕೊಂಡು ಬರುತ್ತಿತ್ತು.

ನಲಿಕಲಿ ಎಂದರೆ ಈ ಮೂರು ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಹಾಗಾಗಿ ಆ ಕಾರ್ಡುಗಳನ್ನೇ ಮನೆಗೆ ಕಳಿಸಿದೆ. ಝೆರಾಕ್ಸಿಗೆ ಪುಟಕ್ಕೆ ಎರಡು ರೂಪಾಯಿ, ಮೊದಲ ತಿಂಗಳೇ ಕೈಯಿಂದ ಸಾವಿರದ ಮುನ್ನೂರರಷ್ಟು ಹೋಯಿತು. ಆ ಕಾಗದ ಎಂಟು ದಿನ ಬಾಳಲಿಲ್ಲ. ಆಮೇಲೆ ಊರಿನ ಹಳೇ ಲಗ್ನಪತ್ರಿಕೆಗಳನ್ನೆಲ್ಲ ಕೂಡಿಹಾಕಿದೆ. ಗಟ್ಟಿ ರಟ್ಟು, ಹಿಂಬದಿ ಖಾಲಿ. ಏಳನೇ ತರಗತಿಯ ಹುಡುಗಿಯರು ಮಾರ್ಕರಿನಲ್ಲಿ ಬರೆದುಕೊಟ್ಟರು. ಖರ್ಚು ತಿಂಗಳಿಗೆ ನೂರೈವತ್ತಕ್ಕೆ ಇಳಿಯಿತು.

ಸಂಜೆ ಏಳಕ್ಕೆ ಕಾನ್ಫರೆನ್ಸ್ ಕಾಲ್, ಒಂದು ಸಲಕ್ಕೆ ನಾಲ್ಕೈದು ಮಕ್ಕಳು, ಕೀಪ್ಯಾಡ್ ಫೋನ್ ಸಾಕು. "ಫೋನಿನಲ್ಲಿ ನಲಿಕಲಿಯಾ? ತಟ್ಟೆ ಎಲ್ಲಿ ಹಾಕ್ತೀರಿ?" ಎಂದು ಸಭೆಯಲ್ಲೇ ಕೇಳಿದವರಿದ್ದರು (ನಲಿಕಲಿ ತರಗತಿಯಲ್ಲಿ ಮಕ್ಕಳು ಕೂರುವ ಗುಂಪುಗಳಿಗೆ ತಟ್ಟೆ ಎನ್ನುತ್ತೇವೆ). ನಿಜವಾದ ತೊಡಕು ಬೇರೆಯೇ ಇತ್ತು: ಮಗು ಕಾರ್ಡು ನೋಡಿ ಓದುತ್ತಿದೆಯೋ, ಅಕ್ಕ ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದೆಯೋ ತಿಳಿಯುತ್ತಿರಲಿಲ್ಲ. ಕೊನೆಯ ಪದದಿಂದ ಹಿಂದಕ್ಕೆ ಓದಿಸಿದೆ. ಬಾಯಿಪಾಠ ಅಲ್ಲೇ ಸಿಕ್ಕಿಬಿತ್ತು. ಎರಡನೇ ತರಗತಿಯ ಒಬ್ಬಳು ವಾಕ್ಯವನ್ನು ಸರಸರ ಒಪ್ಪಿಸುತ್ತಿದ್ದಳು. ಹಿಂದಿನಿಂದ ಓದಿಸಿದರೆ 'ಕತ್ತೆ' ಹೋಗಿ 'ಕತೆ' ಆಯಿತು. ಅವಳಿಗೆ ಒತ್ತಕ್ಷರದ ಕಾರ್ಡನ್ನೇ ಎರಡು ವಾರ ಕೊಟ್ಟೆ.

ನಡುವೆ ಹನುಮಪ್ಪನ ಗುಡಿಯ ಮೈಕಿನಲ್ಲೂ ಬೆಳಗಿನ ಪಾಠ ಮಾಡಿ ನೋಡಿದೆ. ಮಗ್ಗಿಗೆ ಚಲೋ ಆಯಿತು, ಓಣಿಗೆ ಓಣಿಯೇ ಹೇಳುತ್ತಿತ್ತು. ಓದಿಗೆ ಏನೂ ಪ್ರಯೋಜನವಾಗಲಿಲ್ಲ.

ಹತ್ತಿ ಬಿಡಿಸುವ ಕಾಲದಲ್ಲಿ ಅರ್ಧ ಮಕ್ಕಳು ತಾಯಂದಿರ ಹಿಂದೆ ಹೊಲಕ್ಕೆ ಹೋದರು. ಕೂಲಿ ಕಿಲೋ ಲೆಕ್ಕ, ಯಾರೂ ಬಿಡುವು ಕೊಡರು. ಆದರೂ ಮಧ್ಯಾಹ್ನದ ಬುತ್ತಿ ಹೊತ್ತಿನಲ್ಲಿ ಬದುವಿನ ಮೇಲೆ ಕಾರ್ಡು ಬದಲಿಸಿಕೊಟ್ಟೆ. ಹೊಲದವರನ್ನು ಹೇಗೆ ಒಪ್ಪಿಸಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಎದುರು ಸಿಕ್ಕರೆ ಹೇಳುತ್ತೇನೆ.

2021ರ ಅಕ್ಟೋಬರ್ 25ಕ್ಕೆ ಒಂದರಿಂದ ಐದನೇ ತರಗತಿ ತೆರೆದಾಗ ನನ್ನ ಮಕ್ಕಳಲ್ಲಿ ಹತ್ತಕ್ಕೆ ಏಳು ಮಂದಿ ಒತ್ತಕ್ಷರ ಸಮೇತ ಓದಿದರು. ಅವತ್ತು ಸಭೆಯಲ್ಲಿ ತಟ್ಟೆಯ ಮಾತು ಎತ್ತಿದವರೇ ಬಂದು ಲಗ್ನಪತ್ರಿಕೆಯ ಒಂದು ಸೆಟ್ ಒಯ್ದರು. ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಮಾತ್ರ ಫೋನಿಗೆ ಒಗ್ಗಲಿಲ್ಲ. ಶಾಲೆ ತೆರೆದ ಮೇಲೆ ಕಡ್ಡಿ ಕಟ್ಟು ಕೈಗೆ ಕೊಟ್ಟು, ಸಂಕ್ರಾಂತಿ ಹೊತ್ತಿಗೆ ಮುಗಿಸಿದೆ.