ಬೀದರ್‌ನ ಬಯಲಿನಿಂದ ಮಹಾವ್ಯಾಧ ನೀಹಾರಿಕೆಯ ಛಾಯಾಗ್ರಹಣ

ನಕ್ಷತ್ರಗಳು ಹುಟ್ಟುತ್ತಿರುವ, ಸುಮಾರು 1,350 ಜ್ಯೋತಿರ್ವರ್ಷ ದೂರದ ಮಹಾವ್ಯಾಧ (ಓರಿಯನ್) ನೀಹಾರಿಕೆಯೆಂಬ ಅನಿಲ-ಧೂಳಿನ ಮೋಡವನ್ನು ಸೆರೆಹಿಡಿಯಲು ಜನವರಿಯ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳು ಸೂಕ್ತ. ಬೀದರ್ ಪಟ್ಟಣದ ದೀಪಗಳಿಂದ ದೂರ, ತೊಗರಿ ಹೊಲಗಳ ಕಡೆಗೆ ಹೋದರೆ, ರಾತ್ರಿ 10 ಗಂಟೆಯ ಸುಮಾರಿಗೆ ಅದು ದಕ್ಷಿಣದಲ್ಲಿ ಎತ್ತರಕ್ಕೆ ಬಂದಿರುತ್ತದೆ. ಸಾಲಾಗಿ ನಿಂತ ಮೂರು ನಕ್ಷತ್ರಗಳ ಕೆಳಗಿನ ಮಸುಕು ಬೆಳಕೇ ಅದು.

ಆಕಾಶದ ಚಲನೆಯನ್ನು ಅನುಸರಿಸುವ ಟ್ರ್ಯಾಕರ್ ಇಲ್ಲದಿದ್ದರೆ, 135 ಮಿ.ಮೀ. ಲೆನ್ಸ್‌ನಲ್ಲಿ ಎಕ್ಸ್‌ಪೋಷರ್ (ಬೆಳಕನ್ನು ಒಳಬಿಡುವ ಅವಧಿ) 2 ಸೆಕೆಂಡ್ ಮೀರಬಾರದು. ಮೀರಿದರೆ ನಕ್ಷತ್ರಗಳು ಗೆರೆಗಳಾಗುತ್ತವೆ. ನನ್ನ ಮಟ್ಟಿಗೆ ಫೋಕಸ್ಸೇ ಇಡೀ ಕೆಲಸದ ಜೀವಾಳ: ಆಟೊಫೋಕಸ್ ನಂಬದೆ, ಲೈವ್ ವ್ಯೂನಲ್ಲಿ (ಕ್ಯಾಮೆರಾ ಪರದೆಯ ನೇರ ನೋಟದಲ್ಲಿ) ಮಹಾವ್ಯಾಧ ನಕ್ಷತ್ರಪುಂಜದ ಪ್ರಕಾಶಮಾನ ರೈಜೆಲ್ ನಕ್ಷತ್ರವನ್ನು ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕೆಯಾಗುವವರೆಗೆ ಲೆನ್ಸಿನ ಉಂಗುರವನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋಗಬೇಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 1600ರಲ್ಲಿ, ರಾ (ಕ್ಯಾಮೆರಾ ಸಂಸ್ಕರಿಸದ ಕಚ್ಚಾ) ರೂಪದಲ್ಲಿ ನೂರಾರು ಚಿತ್ರ ತೆಗೆದು, ಲೆನ್ಸ್ ಮುಚ್ಚಿ ಕ್ಯಾಮೆರಾದ್ದೇ ದೋಷದ ಚುಕ್ಕೆಗಳನ್ನು ಕಳೆಯಲು ಅಷ್ಟೇ ಅವಧಿಯ 20 ಕಪ್ಪು ಚಿತ್ರಗಳನ್ನೂ ಸೇರಿಸಿ, ಎಲ್ಲವನ್ನೂ ಡೀಪ್‌ಸ್ಕೈಸ್ಟ್ಯಾಕರ್ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ಒಂದುಗೂಡಿಸಿ.