ತಾಳಕ್ಕಿಂತ ಸ್ವಲ್ಪ ಹಿಂದೆ: ನಾನು ಬಿಲ್ಲಿ ಹಾಲಿಡೇ ಆಗಲು ಕಲಿತದ್ದು

ಅಮೆರಿಕದ ಕಪ್ಪು ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅವರ ಪಾತ್ರವನ್ನು ನಾಟಕದಲ್ಲಿ ಮಾಡುತ್ತೇನೆ ಎಂದು ಒಪ್ಪಿಕೊಂಡ ರಾತ್ರಿಯೇ ಅವರ ಕೊನೆಗಾಲದ ರೆಕಾರ್ಡಿಂಗ್‌ಗಳನ್ನು ಹಾಕಿಕೊಂಡು ಕೂತೆ. 1958ರ ಧ್ವನಿ ಅದು. ಒಡೆದ ದನಿ, ಒರಟು ದನಿ. ಜಾಝ್ ಗೊತ್ತಿಲ್ಲದವರೂ ಒಮ್ಮೆ ಕೇಳಿದರೆ ಮರೆಯಲ್ಲ. ಈ ಕರಕರ ನನ್ನ ಗಂಟಲಿಗೆ ಬಂದುಬಿಟ್ಟರೆ ಪಾತ್ರ ಅರ್ಧ ಸಿಕ್ಕ ಹಾಗೆ ಅಂದುಕೊಂಡೆ.

ಮೂರು ವಾರ ಅದನ್ನೇ ಅಭ್ಯಾಸ ಮಾಡಿದೆ. ಗಂಟಲು ಬಿಗಿ ಹಿಡಿದು, ಉಸಿರು ಸೋರಲು ಬಿಟ್ಟು ಹಾಡಿದೆ. ನಾಲ್ಕನೇ ವಾರ ಒಂದು ಬೆಳಗ್ಗೆ ಹಾಲಿನ ಹುಡುಗನಿಗೆ "ನಾಳೆ ಎರಡು ಪ್ಯಾಕೆಟ್" ಅನ್ನೋಕೆ ಹೋದರೆ ಸ್ವರವೇ ಹೊರಡಲಿಲ್ಲ. ಇಎನ್‌ಟಿ ಡಾಕ್ಟರ್ ಕ್ಯಾಮೆರಾ ಬಿಟ್ಟು ನೋಡಿದರು. ಧ್ವನಿತಂತುಗಳು ಊದಿಕೊಂಡಿದ್ದವು. ಹತ್ತು ದಿನ ಮಾತು ಬೇಡ, ಪಿಸುಮಾತೂ ಬೇಡ ಅಂದರು. ಪಿಸುಗುಟ್ಟಿದರೆ ಗಂಟಲಿಗೆ ಆರಾಮ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ, ಅದೂ ಭಾರವೇ ಅಂತೆ.

ಆ ಹತ್ತು ದಿನ ಕೇಳುವುದು ಬಿಟ್ಟು ನನಗೆ ಬೇರೆ ಕೆಲಸ ಇರಲಿಲ್ಲ. ಕೊನೆಯಿಂದ ಕೇಳುವುದು ನಿಲ್ಲಿಸಿ ಮೊದಲಿನಿಂದ ಶುರು ಮಾಡಿದೆ. 1933ರಲ್ಲಿ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಜೊತೆ ಹಾಡಿದಾಗ ಅವರಿಗೆ 18 ವರ್ಷ. ಚುರುಕಾದ, ತೆಳು ದನಿ. 1937ರಲ್ಲಿ ಲೆಸ್ಟರ್ ಯಂಗ್ ಅವರ ಸ್ಯಾಕ್ಸೊಫೋನ್ ಪಕ್ಕ ಹಾಡುವಾಗ ಆ ದನಿಯಲ್ಲಿ ನಗು ಇದೆ. ಆಮೇಲೆ ನಲವತ್ತರ ದಶಕದ ತುಂಬು ದನಿ. ಆಮೇಲೆ ಆ ಒಡಕು. ಇಪ್ಪತ್ತೈದು ವರ್ಷದಲ್ಲಿ ಧ್ವನಿ ಪೂರ್ತಿ ಬದಲಾಗಿದೆ. ಆದರೆ ಮೊದಲಿನಿಂದ ಕೊನೆಯವರೆಗೆ ಒಂದು ವಿಷಯ ಮಾತ್ರ ಬದಲಾಗಿಲ್ಲ. ಅವರು ತಾಳಕ್ಕೆ ತಡವಾಗಿ ಬರುತ್ತಾರೆ.

ನಾನು ಹಿಡಿಯಬೇಕಾದದ್ದು ಅದು. ಕರಕರ ಅವರ ಮೈ ಸವೆದದ್ದರ ಗುರುತು. ಅದನ್ನು ಕಾಪಿ ಮಾಡಿದರೆ ಮಿಮಿಕ್ರಿ ಆಗುತ್ತೆ, ಅಷ್ಟೇ. ಆ ತಡ ಮಾತ್ರ ಅವರು ಬೇಕೆಂದೇ ಆರಿಸಿಕೊಂಡದ್ದು.

ಹಾಗಾಗಿ ನಾಟಕದ ಕಾಲವನ್ನೇ ಬದಲಿಸಿದೆವು. ನಮ್ಮದು ಒಂದು ಗಂಟೆಯ ಏಕವ್ಯಕ್ತಿ ಪ್ರಯೋಗ, ನಾವೇ ಬರೆದದ್ದು. ಮೊದಲ ಕರಡು 1959ರಲ್ಲಿ, ಅವರ ಸಾವಿನ ವರ್ಷದಲ್ಲಿ ನಡೆಯುತ್ತಿತ್ತು. ಅದನ್ನು ಬಿಟ್ಟು 27 ಮಾರ್ಚ್ 1948ರ ರಾತ್ರಿಗೆ ಹೋದೆವು. ನ್ಯೂಯಾರ್ಕ್‌ನ ಕಾರ್ನೆಗೀ ಹಾಲ್. ಡ್ರಗ್ಸ್ ಕೇಸಿನಲ್ಲಿ ವೆಸ್ಟ್ ವರ್ಜೀನಿಯಾದ ಆಲ್ಡರ್ಸನ್ ಜೈಲಿನಲ್ಲಿದ್ದು ಹೊರಗೆ ಬಂದು ಇನ್ನೂ ಹದಿನೈದು ದಿನ ಆಗಿಲ್ಲ. ವಯಸ್ಸು 32. ಶಿಕ್ಷೆಯಾದದ್ದರಿಂದ ಅವರ ಕ್ಯಾಬರೆ ಕಾರ್ಡ್ ಹೋಗಿದೆ. ನ್ಯೂಯಾರ್ಕ್‌ನಲ್ಲಿ ಮದ್ಯ ಕೊಡುವ ಯಾವ ಕ್ಲಬ್ಬಿನಲ್ಲಿ ಹಾಡಬೇಕಾದರೂ ಆಗ ಆ ಕಾರ್ಡ್ ಬೇಕಿತ್ತು. ಅವರ ಅನ್ನ ಇದ್ದದ್ದೇ ಆ ಕ್ಲಬ್ಬುಗಳಲ್ಲಿ. ಸಭಾಂಗಣಕ್ಕೆ ಮಾತ್ರ ಆ ಕಾರ್ಡ್ ಬೇಡ. ಅದಕ್ಕೇ ಕಾರ್ನೆಗೀ ಹಾಲ್. ಅವತ್ತು ಜನ ಎಷ್ಟು ಬಂದರು ಅಂದರೆ ವೇದಿಕೆಯ ಮೇಲೂ ಕುರ್ಚಿ ಹಾಕಬೇಕಾಯಿತು. ನಮ್ಮ ನಾಟಕ ಅದಕ್ಕೆ ಮುಂಚಿನ ಒಂದು ಗಂಟೆ, ಗ್ರೀನ್ ರೂಮಿನೊಳಗೆ ನಡೆಯುತ್ತದೆ. ಜೈಲಿನಲ್ಲಿ ಒಂದು ಸ್ವರವನ್ನೂ ಹಾಡಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಈಗ ಹಾಡಬೇಕು. ಗಂಟಲು ಬರುತ್ತೋ ಇಲ್ಲವೋ ಗೊತ್ತಿಲ್ಲ. ಹತ್ತು ದಿನ ಮಾತಿಲ್ಲದೆ ಕೂತಿದ್ದ ನನಗೆ ಆ ಭಯವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಇನ್ನು ತಡದ ವಿಷಯ. ಇದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಮೊದಲು ಚಪ್ಪಾಳೆ ಸರಿ ಮಾಡಿಕೊಳ್ಳಬೇಕಾಯಿತು. ಚಿಕ್ಕಂದಿನಲ್ಲಿ ಏಳು ವರ್ಷ ಕರ್ನಾಟಕ ಸಂಗೀತ ಕಲಿತ ಕೈ ನನ್ನದು. ಅದು ತಾನಾಗೇ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ಬೀಳುತ್ತೆ. ಸ್ವಿಂಗ್ ಎನ್ನುವ ಜಾಝ್ ಶೈಲಿಯಲ್ಲಿ ನಾಲ್ಕರ ಎಣಿಕೆ ಇದ್ದರೂ ಕೈ ಬೀಳಬೇಕಾದದ್ದು ಎರಡಕ್ಕೆ ಮತ್ತು ನಾಲ್ಕಕ್ಕೆ. ಬಸ್ಸಿನಲ್ಲಿ, ಅಡುಗೆ ಮಾಡುವಾಗ, ಕುಕ್ಕರ್ ಕೂಗುವುದನ್ನು ಕಾಯುವಾಗ ಎರಡು, ನಾಲ್ಕು, ಎರಡು, ನಾಲ್ಕು. ಎರಡು ವಾರದ ಮೇಲೆ ಮೈ ಒಪ್ಪಿಕೊಂಡಿತು.

ಹಾಡನ್ನು ಸಮ ಬಿಟ್ಟು ಎತ್ತಿಕೊಳ್ಳುವುದು ನಮಗೆ ಹೊಸದೇನಲ್ಲ. ಸಮ ದಾಟಿದ ಮೇಲೆ ಹಾಡು ಶುರುವಾಗುವ ಅನಾಗತ ಎಡುಪು ನಮ್ಮಲ್ಲೂ ಇದೆ, ಅಲ್ವಾ? ನಾನೂ ಹಾಗೇ ಶುರು ಮಾಡಿದೆ, ಅರ್ಧ ಎಣಿಕೆ ಬಿಟ್ಟು ಎತ್ತಿಕೊಳ್ಳೋಣ ಅಂತ. ಕೇಳಲು ನೀಟಾಗಿತ್ತು, ಆದರೆ ಬಿಲ್ಲಿ ಹಾಲಿಡೇ ಅಲ್ಲಿ ಇರಲಿಲ್ಲ. ಅನಾಗತದಲ್ಲಿ ಎಷ್ಟು ಬಿಡಬೇಕು ಅನ್ನೋದು ಮೊದಲೇ ನಿಗದಿ. ಇವರ ತಡಕ್ಕೆ ಅಂಥ ನಿಗದಿ ಇಲ್ಲ. ಒಂದು ಪದದಲ್ಲಿ ಹಿಂದೆ ಬೀಳುತ್ತಾರೆ, ಮುಂದಿನ ಎರಡು ಪದವನ್ನು ಸರಸರ ಹೇಳಿ ಸಾಲು ಮುಗಿಯುವಾಗ ಬಂದು ಕೂಡುತ್ತಾರೆ. ಇನ್ನೊಂದು ಸಲ ಕೂಡುವುದೇ ಇಲ್ಲ, ಮುಂದಿನ ಸಾಲಿಗೂ ಆ ಸಾಲವನ್ನು ಹೊತ್ತುಕೊಂಡು ಹೋಗುತ್ತಾರೆ.

ನಮ್ಮ ಪಿಯಾನೋ ನುಡಿಸುವ ಸರ್ ಮೊದಲ ದಿನವೇ ಒಂದು ಮಾತು ಹೇಳಿದ್ದರು. "ಮೇಡಂ, ನೀವು ಎಷ್ಟು ಬೇಕಾದರೂ ತಡ ಮಾಡಿ. ನಾನು ಕಾಯಲ್ಲ." ಇದು ನನಗೆ ಅರ್ಥವಾಗಲು ತುಂಬ ದಿನ ಬೇಕಾಯಿತು. ಹಾಡುವವಳು ಹಿಂದೆ ಬಿದ್ದಾಗ ನುಡಿಸುವವರೂ ನಿಧಾನ ಮಾಡಿದರೆ ಅಲ್ಲಿಗೆ ಮುಗಿಯಿತು, ಇಡೀ ಹಾಡು ಜೋತುಬೀಳುತ್ತೆ. ತಾಳ ಗೋಡೆಯ ಹಾಗೆ ನಿಂತಿದ್ದರೆ ಮಾತ್ರ ಅದಕ್ಕೆ ಒರಗಲು ಆಗುತ್ತೆ. ನಾನು ಪ್ರತಿ ಸಲ ಹಿಂದೆ ಬಿದ್ದಾಗಲೂ ಗಾಬರಿಯಲ್ಲಿ ಅವರ ಮುಖ ನೋಡುತ್ತಿದ್ದೆ. "ನನ್ನ ಕಡೆ ನೋಡಬೇಡಿ" ಅನ್ನುತ್ತಿದ್ದರು.

ಹಾಡುವುದನ್ನೇ ನಿಲ್ಲಿಸಿ ಸುಮ್ನೆ ಮಾತಾಡಲು ಶುರು ಮಾಡಿದೆ. ಅವರು ನಾಲ್ಕರ ಎಣಿಕೆ ಬಾರಿಸುತ್ತಿರಬೇಕು, ನಾನು ಅದರ ಮೇಲೆ ಕನ್ನಡದಲ್ಲಿ ಏನಾದರೂ ಹೇಳಬೇಕು. "ನಾಳೆ ಬರ್ತೀನಿ ಅಂದಿದ್ದೆ. ಬರಲಿಲ್ಲ ನೀನು." ಇದೇ ಎರಡು ಸಾಲನ್ನು ನೂರಾರು ಸಲ ಹೇಳಿದ್ದೇನೆ. ಒಂದು ಮಧ್ಯಾಹ್ನ "ಬರಲಿಲ್ಲ" ಅನ್ನುವ ಪದ ಬಾಯಲ್ಲೇ ನಿಂತಿತು. ಎರಡು ಎಣಿಕೆ ಹೋಯಿತು. ಆಮೇಲೆ ಬಂತು. ಆ ಕ್ಷಣ ನನಗೆ ನನ್ನ ಅಜ್ಜಿ ನೆನಪಾದರು.

ಅಜ್ಜಿ ಸಾಗರದ ಹತ್ತಿರದ ಹಳ್ಳಿಯವರು. ಅವರ ತಮ್ಮ ಚಿಕ್ಕ ವಯಸ್ಸಿನಲ್ಲಿ ಹೊಳೆಯಲ್ಲಿ ಹೋಗಿದ್ದ. ಆ ಕಥೆಯನ್ನು ಅವರು ಎಷ್ಟು ಸಲ ಹೇಳಿದರೂ ಒಂದೇ ರೀತಿ ಹೇಳುತ್ತಿದ್ದರು. "ಬೆಳಗ್ಗೆ ಎಮ್ಮೆ ಹೊಡ್ಕಂಡು ಹೋದ. ಮಧ್ಯಾಹ್ನ ಆಯ್ತು. ಎಮ್ಮೆ ಬಂತು." ಅಷ್ಟು ಹೇಳಿ ಅಡಕತ್ತರಿ ತೆಗೆದು ಒಂದು ಅಡಿಕೆ ಕತ್ತರಿಸುತ್ತಿದ್ದರು. ಚೂರುಗಳನ್ನು ಅಂಗೈಗೆ ಹಾಕಿಕೊಂಡು, ಸಿಪ್ಪೆ ಊದಿ, ಎಲೆ ಮಡಿಸಿ, ಆಮೇಲೆ ಹೇಳುತ್ತಿದ್ದರು: "ಅಂವ ಬರ್ಲಿಲ್ಲ." ಅವರು ಅತ್ತದ್ದು ನಾನು ನೋಡಿಲ್ಲ. ಕೇಳುತ್ತಿದ್ದ ನಾವು ಮಾತ್ರ ಅಡಿಕೆ ಕತ್ತರಿಸುವಷ್ಟು ಹೊತ್ತೂ ಉಸಿರು ಹಿಡಿದು ಕೂತಿರುತ್ತಿದ್ದೆವು.

ಬಿಲ್ಲಿ ಹಾಲಿಡೇ ಮಾಡುವುದು ಅದನ್ನೇ ಎಂದು ನಾನು ನಂಬಿದ್ದೇನೆ. ಪದ ಭಾರ ಇದೆ, ಅದಕ್ಕೆ ತಡ. ಅವತ್ತಿನಿಂದ ಪ್ರತಿ ಹಾಡಿನಲ್ಲೂ ಯಾವ ಪದ ಹೇಳಲು ಕಷ್ಟ ಎಂದು ಹುಡುಕಿಕೊಂಡೆ. ಸ್ಕ್ರಿಪ್ಟ್‌ನಲ್ಲಿ ಅದರ ಹಿಂದೆ ಪೆನ್ಸಿಲ್‌ನಲ್ಲಿ ಒಂದು ಚಿಕ್ಕ ಅಡಿಕೆ ಬರೆದುಕೊಂಡೆ.

ಸ್ವರಗಳ ಕೆಲಸ ಇದಕ್ಕೆ ಹೋಲಿಸಿದರೆ ಸುಲಭ. ಅವರು ಹಾಡುತ್ತಿದ್ದದ್ದು ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟೇ. ಮೇಲಕ್ಕೆ ಹಾರಿ ತೋರಿಸುವ ಕೆಲಸವೇ ಇಲ್ಲ. ಶ್ರುತಿಯನ್ನು ನನ್ನ ಮಾತಿನ ದನಿಗೆ ಹತ್ತಿರ ಇಳಿಸಿಕೊಂಡೆವು. ನಮ್ಮ ಸಂಗೀತದ ಗಮಕ, ಸ್ವರವನ್ನು ಆಡಿಸುವ ಅಭ್ಯಾಸ, ನುಸುಳದ ಹಾಗೆ ಮಾತ್ರ ಕೊನೆವರೆಗೂ ಎಚ್ಚರ ಇಡಬೇಕಾಯಿತು.

ಮೈಬಣ್ಣದ ಪ್ರಶ್ನೆ ಮೇಕಪ್ ಟ್ರಯಲ್ ದಿನ ಬಂತು. ಸ್ವಲ್ಪ ಕಪ್ಪು ಮಾಡೋಣ್ವಾ ಎಂದು ಕೇಳಿದರು. ಬೇಡ ಅಂದೆ, ಅದರಲ್ಲಿ ಯೋಚಿಸಲು ಏನೂ ಇರಲಿಲ್ಲ. ಅಮೆರಿಕದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಆಡಿಕೊಳ್ಳುವ ಪ್ರದರ್ಶನಗಳು ಎಷ್ಟೋ ದಶಕ ನಡೆದಿವೆ. ಇನ್ನೊಂದು ಘಟನೆಯೂ ನನ್ನ ತಲೆಯಲ್ಲಿತ್ತು. ಕೌಂಟ್ ಬೇಸಿ ತಂಡದ ಜೊತೆ ಡೆಟ್ರಾಯಿಟ್‌ಗೆ ಹೋದಾಗ, ಕಪ್ಪು ವಾದಕರ ಪಕ್ಕ ಇವರು ಬಿಳಿ ಹೆಂಗಸಿನ ಹಾಗೆ ಕಾಣಬಾರದು ಎಂದು ಮುಖಕ್ಕೆ ಕಪ್ಪು ಬಣ್ಣ ಹಚ್ಚಿಸಿದ್ದರು ಎಂದು ಬಿಲ್ಲಿ ಹಾಲಿಡೇ ಹೇಳಿಕೊಂಡಿದ್ದಾರೆ. ಅಂಥವರ ಪಾತ್ರಕ್ಕೆ ನಾನು ಬಣ್ಣ ಬಳಿದುಕೊಳ್ಳುವುದೇ? ನಾನು ನನ್ನ ಮೈಬಣ್ಣದಲ್ಲೇ ನಿಂತೆ.

ಹೂವಿನ ವಿಷಯ ಮಾತ್ರ ಬಿಡುವ ಹಾಗಿರಲಿಲ್ಲ. ಕಿವಿಯ ಮೇಲೆ ಬಿಳಿ ಗಾರ್ಡೇನಿಯಾ ಅವರ ಗುರುತು. ಸಿದ್ದಾಪುರದ ನರ್ಸರಿಯಲ್ಲಿ ಎರಡು ಕುಂಡ ತಂದೆ. ನೋಡಲು ದಪ್ಪ ಎಸಳಿನ ಸುತ್ತು ನಂದಿಬಟ್ಟಲಿನ ಹಾಗೇ ಇರುತ್ತೆ, ವಾಸನೆ ಮಾತ್ರ ಇಡೀ ಕೋಣೆ ತುಂಬುತ್ತೆ. ಮೊದಲ ಹೂವು ಬಿಟ್ಟ ದಿನ ಕಿತ್ತು ಮುಡಿದು ರಿಹರ್ಸಲ್ ಮಾಡಿದೆ. ಮುಗಿಸಿ ಕನ್ನಡಿ ನೋಡಿದರೆ ನನ್ನ ಬೆರಳು ತಾಗಿದ ಕಡೆಯೆಲ್ಲ ಎಸಳು ಕಂದಿ ಕಾಫಿ ಬಣ್ಣಕ್ಕೆ ತಿರುಗಿತ್ತು. ಈ ಹೂವನ್ನು ತೊಟ್ಟು ಹಿಡಿದೇ ಎತ್ತಬೇಕು. ಆಮೇಲಿಂದ ಮುಡಿಯುವುದನ್ನೇ ನಿಧಾನ ಮಾಡಿದೆ. ನಮ್ಮ ಕೈಗೆ ಹೂವು ಅಂದರೆ ತಲೆಯ ಹಿಂದೆ, ಜಡೆಗೆ. ನೋಡದೇ ಮುಡಿಯುತ್ತೇವೆ. ಇದು ಪಕ್ಕದಲ್ಲಿ, ಕನ್ನಡಿ ನೋಡಿಕೊಂಡು, ತೊಟ್ಟನ್ನು ಎರಡೇ ಬೆರಳಲ್ಲಿ ಹಿಡಿದು. ಹೂವು ಕೂತ ಮೇಲೆ ತಲೆಯನ್ನು ಪಟ್ಟನೆ ತಿರುಗಿಸಲು ಆಗಲ್ಲ. ಕತ್ತು ನಿಧಾನ ಆಯಿತು. ಗಲ್ಲ ತಾನಾಗೇ ಸ್ವಲ್ಪ ಮೇಲೆದ್ದಿತು. ಫೋಟೋಗಳಲ್ಲಿ ನಾನು ನೋಡಿ ನೋಡಿ ಅನುಕರಿಸಲು ಹೋಗಿ ಸೋತಿದ್ದ ಭಂಗಿ ಆ ಹೂವಿನಿಂದ ಬಂತು.

ಕಾರ್ನೆಗೀ ಹಾಲ್‌ನ ರಾತ್ರಿ ಯಾರೋ ಕಳಿಸಿದ ಗಾರ್ಡೇನಿಯಾಗಳನ್ನು ಸಿಕ್ಕಿಸಿಕೊಳ್ಳುವಾಗ ಪಿನ್ ತಲೆಗೆ ಚುಚ್ಚಿ ರಕ್ತ ಬಂತು ಎನ್ನುವ ಕಥೆ ಇದೆ. ನಾಟಕದಲ್ಲಿ ಪಿನ್ ಚುಚ್ಚುವುದನ್ನು ಇಟ್ಟಿದ್ದೇವೆ. ರಕ್ತ ತೋರಿಸಲ್ಲ. ಬೆರಳ ತುದಿಯನ್ನು ಒಂದು ಕ್ಷಣ ನೋಡಿಕೊಂಡು ಲಂಗಕ್ಕೆ ಒರೆಸಿಕೊಳ್ಳುತ್ತೇನೆ.

ನಾಟಕದ ಮಾತೆಲ್ಲ ಕನ್ನಡ, ಹಾಡೆಲ್ಲ ಇಂಗ್ಲಿಷ್. ಹಾಡನ್ನೂ ಅನುವಾದ ಮಾಡಿ ನೋಡಿದೆವು. ಪದದ ಉದ್ದ ಬದಲಾದರೆ ತಡವೂ ಬದಲಾಗುತ್ತೆ, ಆಗಲಿಲ್ಲ. ಆದರೆ 'ಸ್ಟ್ರೇಂಜ್ ಫ್ರೂಟ್' ಅರ್ಥವಾಗದೇ ಹೋಗಬಾರದು. ಮರದಲ್ಲಿ ತೂಗುವ ಹಣ್ಣು ಅಂದರೆ ಗುಂಪು ಸೇರಿ ಹೊಡೆದು ನೇಣು ಹಾಕಿದ ಕಪ್ಪು ಜನರ ಹೆಣಗಳು. ನ್ಯೂಯಾರ್ಕ್‌ನ ಶಾಲಾ ಮೇಷ್ಟ್ರು ಏಬಲ್ ಮಿರೋಪೋಲ್ ಬರೆದದ್ದು. 1939ರಲ್ಲಿ ಕೆಫೆ ಸೊಸೈಟಿ ಎಂಬ ಕ್ಲಬ್ಬಿನಲ್ಲಿ ಬಿಲ್ಲಿ ಹಾಲಿಡೇ ಅದನ್ನು ಹಾಡತೊಡಗಿದರು. ಅವರ ರೆಕಾರ್ಡ್ ಕಂಪನಿ ಕೊಲಂಬಿಯಾ ಧ್ವನಿಮುದ್ರಿಸಲು ಒಪ್ಪಲಿಲ್ಲ. ಕಮೊಡೋರ್ ಎಂಬ ಚಿಕ್ಕ ಕಂಪನಿ ಮಾಡಿತು. ಇದನ್ನೆಲ್ಲ ಹೂವು ಮುಡಿಯುತ್ತಾ ಕನ್ನಡದಲ್ಲಿ ಹೇಳುತ್ತೇನೆ, ಆಮೇಲೆ ಹಾಡು.

ಕೆಫೆ ಸೊಸೈಟಿಯಲ್ಲಿ ಆ ಹಾಡಿಗೆ ಮುಂಚೆ ವೇಟರ್‌ಗಳು ಕೆಲಸ ನಿಲ್ಲಿಸುತ್ತಿದ್ದರು. ದೀಪ ಆರುತ್ತಿತ್ತು. ಮುಖದ ಮೇಲೆ ಒಂದೇ ಬೆಳಕು. ಹಾಡು ಮುಗಿದರೆ ಪೂರ್ತಿ ಕತ್ತಲೆ. ದೀಪ ಬಂದಾಗ ಅವರು ಅಲ್ಲಿ ಇರುತ್ತಿರಲಿಲ್ಲ. ಚಪ್ಪಾಳೆ ಎಷ್ಟೇ ಹೊಡೆದರೂ ಮತ್ತೆ ಬರುತ್ತಿರಲಿಲ್ಲ. ನಮ್ಮ ಚಿಕ್ಕ ಹಾಲ್‌ನಲ್ಲಿ ವೇಟರ್‌ಗಳು ಎಲ್ಲಿ? ನಾವು ಫ್ಯಾನ್ ನಿಲ್ಲಿಸಿದೆವು. ನಲವತ್ತು ನಿಮಿಷದಿಂದ ಗರಗರ ಅನ್ನುತ್ತಿದ್ದ ಆರು ಸೀಲಿಂಗ್ ಫ್ಯಾನ್‌ಗಳು ಒಂದೊಂದಾಗಿ ನಿಧಾನ ಆಗಿ ನಿಲ್ಲುತ್ತವೆ. ಅಷ್ಟು ಹೊತ್ತು ಆ ಸದ್ದು ಇತ್ತು ಅನ್ನೋದೇ ಜನಕ್ಕೆ ಆಗ ಗೊತ್ತಾಗುತ್ತೆ. ಕೊನೆಯ ಫ್ಯಾನ್ ನಿಲ್ಲುವವರೆಗೆ ನಾನು ಬಾಯಿ ತೆರೆಯುವುದಿಲ್ಲ. ಶೆಕೆ ಏರುತ್ತೆ. ಯಾರೂ ಕೆಮ್ಮುವುದಿಲ್ಲ.

ಆ ಹಾಡಿನಲ್ಲಿ ನಾನು ಕೈ ಎತ್ತುವುದಿಲ್ಲ. ಮೊಣಕೈ ಸ್ವಲ್ಪ ಮಡಿಸಿ ನಿಂತಿರುತ್ತೇನೆ. ಹಾಡು ಮುಗಿದು ಕತ್ತಲಾದ ಮೇಲೆ ಎಡಗಡೆ ಪರದೆಗೆ ಹನ್ನೊಂದು ಹೆಜ್ಜೆ. ಬರಿಗಾಲಲ್ಲಿ, ಸದ್ದಿಲ್ಲದೆ ನಡೆಯಲು ಕಲಿತಿದ್ದೇನೆ.

ಆರನೇ ಪ್ರದರ್ಶನದಲ್ಲಿ ಆ ಹಾಡಿನ ಕೊನೆಯ ಸಾಲು ಬಂದಾಗ ಕೊನೆಯ ಪದ ನನ್ನ ಬಾಯಲ್ಲಿ ನಿಂತಿತು. ರಿಹರ್ಸಲ್‌ನಲ್ಲಿ ಎಂದೂ ಅಷ್ಟು ಹೊತ್ತು ನಿಂತಿರಲಿಲ್ಲ. ಸರ್ ಪಿಯಾನೋದಿಂದ ತಲೆ ಎತ್ತಿದ್ದು ಕಣ್ಣಂಚಿನಲ್ಲಿ ಕಂಡಿತು. ಅವರ ಕೈ ಮಾತ್ರ ನಿಧಾನ ಆಗಲಿಲ್ಲ. ನಾನು ಅವರ ಕಡೆ ತಿರುಗಲಿಲ್ಲ. ಅಡಿಕೆ ಕತ್ತರಿಸಿದೆ, ಸಿಪ್ಪೆ ಊದಿದೆ, ಎಲೆ ಮಡಿಸಿದೆ. ಆಮೇಲೆ ಆ ಪದ ಹಾಡಿದೆ.