ಎರಡು ದಿನ, ಐದು ಗ್ಲಾಸ್: ಲಂಡನ್ ಕಾಕ್‌ಟೇಲ್ ವೀಕ್ ಸುತ್ತುವುದು ಹೇಗೆ?

ಅಕ್ಟೋಬರ್ ನಡುವಿಗೆ ಬಂದರೆ ಲಂಡನ್‌ನಲ್ಲಿ ಸಂಜೆ ಆರೂಕಾಲಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಜಿಟಿಜಿಟಿ ಮಳೆ, ಜೊತೆಗೆ ಚಳಿ. ಊರು ಮನೆಯೊಳಗೆ ಸೇರಿಕೊಳ್ಳುವ ಇದೇ ಹೊತ್ತಿಗೆ ಇಲ್ಲಿನ ಬಾರ್‌ಗಳಲ್ಲಿ ಒಂದು ಜಾತ್ರೆ ಶುರುವಾಗುತ್ತದೆ. ಅದೇ ಲಂಡನ್ ಕಾಕ್‌ಟೇಲ್ ವೀಕ್. ಹ್ಯಾನಾ ಶಾರ್ಮನ್-ಕಾಕ್ಸ್ ಮತ್ತು ಶಿವಾನ್ ಪೇನ್ ಎಂಬ ಇಬ್ಬರು ಹೆಣ್ಣುಮಕ್ಕಳು 2010ರಲ್ಲಿ ಆರಂಭಿಸಿದ ಹಬ್ಬ ಇದು. 200ಕ್ಕೂ ಹೆಚ್ಚು ಬಾರ್‌ಗಳು ಸೇರಿದ ವರ್ಷಗಳಿವೆ.

ನಾನು ಮೊದಲ ಸಲ ಹೋದಾಗ ಒಂದೇ ಶನಿವಾರ ಏಳು ಬಾರ್ ಹತ್ತಿ ಇಳಿದಿದ್ದೆ. ಮೇಫೇರ್, ಅಲ್ಲಿಂದ ಶೋರ್‌ಡಿಚ್, ಅಲ್ಲಿಂದ ಬ್ರಿಕ್ಸ್‌ಟನ್. ಮರುದಿನ ನೆನಪಿನಲ್ಲಿ ಉಳಿದದ್ದು ಟ್ಯೂಬ್ (ಇಲ್ಲಿನ ಸುರಂಗ ರೈಲು) ನಿಲ್ದಾಣಗಳ ಮೆಟ್ಟಿಲು ಮತ್ತು ತಲೆನೋವು. ಏನು ಕುಡಿದೆ, ಯಾರು ಮಾಡಿಕೊಟ್ಟರು, ರುಚಿ ಹೇಗಿತ್ತು ಎಂಬುದು ಒಂದೂ ನೆನಪಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಲೆಕ್ಕ ಬದಲಿಸಿಕೊಂಡೆ. ಶನಿವಾರ ಮೂರು, ಭಾನುವಾರ ಎರಡು. ಒಂದು ದಿನಕ್ಕೆ ಒಂದೇ ಬಡಾವಣೆ. ಲಂಡನ್‌ನಲ್ಲಿರುವ ಕನ್ನಡದ ಗೆಳೆಯರಿಗೂ, ಆ ಹೊತ್ತಿಗೆ ಊರಿಂದ ಬರುವವರಿಗೂ ನಾನು ಹೇಳುವುದು ಇದನ್ನೇ.

ಐದೇ ಯಾಕೆ?

ಬ್ರಿಟನ್ನಿನಲ್ಲಿ ಮದ್ಯವನ್ನು ಯೂನಿಟ್ ಲೆಕ್ಕದಲ್ಲಿ ಅಳೆಯುತ್ತಾರೆ. 10 ಮಿಲಿ ಶುದ್ಧ ಆಲ್ಕೋಹಾಲ್ ಅಂದರೆ ಒಂದು ಯೂನಿಟ್. ನಮ್ಮಲ್ಲಿ ಪೆಗ್ ಅಂದರೆ 30 ಅಥವಾ 60 ಮಿಲಿ ಅಲ್ವಾ? ಇಲ್ಲಿ ಅಳತೆ 25 ಅಥವಾ 35 ಮಿಲಿ, ಡಬಲ್ ಅಂದರೆ ಸಾಮಾನ್ಯವಾಗಿ 50. ಶೇ 40ರ ಜಿನ್ 25 ಮಿಲಿ ಕುಡಿದರೆ ಸರಿಯಾಗಿ ಒಂದು ಯೂನಿಟ್. ವಾರಕ್ಕೆ 14 ಯೂನಿಟ್ ದಾಟಬೇಡಿ, ಅದನ್ನೂ ಮೂರು ದಿನ ಅಥವಾ ಹೆಚ್ಚು ದಿನಗಳಿಗೆ ಹಂಚಿಕೊಳ್ಳಿ ಎಂಬುದು ಇಲ್ಲಿನ ಸರ್ಕಾರಿ ಆರೋಗ್ಯ ಸಲಹೆ.

ಈಗ ನೆಗ್ರೋನಿ ಎಂಬ ಕಾಕ್‌ಟೇಲ್ ತೆಗೆದುಕೊಳ್ಳಿ. ಜಿನ್, ಕಂಪಾರಿ ಎಂಬ ಕೆಂಪು ಕಹಿ ಮದ್ಯ, ಸಿಹಿ ವರ್ಮೂತ್ (ಗಿಡಮೂಲಿಕೆ ಬೆರೆಸಿದ ವೈನ್), ಮೂರೂ 25 ಮಿಲಿ. ಕೂಡಿದರೆ ಸುಮಾರು 2 ಯೂನಿಟ್. ಅಂಥ ಐದು ಗ್ಲಾಸ್ ಅಂದರೆ 10 ಯೂನಿಟ್ ಆಯಿತು. ದೇಹ ಒಂದು ಯೂನಿಟ್ ಕರಗಿಸಲು ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ. ಆದ್ದರಿಂದ ಗ್ಲಾಸ್ ಚಿಕ್ಕದಾಗಿ ಕಂಡಿತು ಎಂದು ಮೋಸ ಹೋಗಬೇಡಿ. ಬಿಯರ್ ಕುಡಿಯುವ ವೇಗದಲ್ಲಿ ಕಾಕ್‌ಟೇಲ್ ಕುಡಿದರೆ ಎರಡನೇ ಬಾರ್‌ನಲ್ಲೇ ನಿಮ್ಮ ಹಬ್ಬ ಮುಗಿಯುತ್ತದೆ. ಇನ್ನೂ ಕಡಿಮೆ ಕುಡಿಯಬೇಕು ಎನಿಸಿದರೆ ತುಂಬಾ ಒಳ್ಳೆಯದು. ಇಬ್ಬರು ಒಂದೇ ಗ್ಲಾಸ್ ಹಂಚಿಕೊಳ್ಳಬಹುದು. ನಾನು ಮತ್ತು ನನ್ನ ಗೆಳತಿ ಮಾಡುವುದು ಹಾಗೇ. ಬೇರೆ ಬೇರೆ ತರಿಸಿ, ಅರ್ಧಕ್ಕೆ ಅದಲು ಬದಲು.

ಮೊದಲು ಪಾಸ್, ಆಮೇಲೆ ನಕ್ಷೆ

ಹಬ್ಬದ ಪಾಸ್ ಕೊಂಡರೆ, ಪಟ್ಟಿಯಲ್ಲಿರುವ ಬಾರ್‌ಗಳಲ್ಲಿ ಆ ಹಬ್ಬಕ್ಕೆಂದೇ ಮಾಡಿದ ಕಾಕ್‌ಟೇಲ್ ಕಡಿಮೆ ಬೆಲೆಗೆ ಸಿಗುತ್ತದೆ. ಪಾಸ್‌ನ ಬೆಲೆ, ದಿನಾಂಕ, ಬಾರ್‌ಗಳ ಪಟ್ಟಿ ವರ್ಷ ವರ್ಷ ಬದಲಾಗುತ್ತವೆ. ಹಾಗಾಗಿ ಸೆಪ್ಟೆಂಬರ್‌ನಲ್ಲೇ ಒಮ್ಮೆ ನೋಡಿಟ್ಟುಕೊಳ್ಳಿ. ಪಾಸ್ ಇದ್ದರೆ ಮಾತ್ರ ಸುತ್ತಬೇಕು ಎಂದೇನಿಲ್ಲ. ಪಟ್ಟಿಯಲ್ಲಿಲ್ಲದ ಒಳ್ಳೆಯ ಬಾರ್ ದಾರಿಯಲ್ಲಿ ಸಿಕ್ಕರೆ ಪೂರ್ತಿ ದುಡ್ಡು ಕೊಟ್ಟು ಒಂದು ಕುಡಿಯುವುದು ನಷ್ಟವಲ್ಲ. ಮೇಫೇರ್‌ನ ದೊಡ್ಡ ಹೋಟೆಲ್ ಬಾರ್‌ಗಳಲ್ಲಿ ಒಂದು ಗ್ಲಾಸ್ 20 ಪೌಂಡ್ ದಾಟುತ್ತದೆ ಎಂಬುದು ಮಾತ್ರ ಗೊತ್ತಿರಲಿ. ಬಿಲ್‌ಗೆ ಶೇ 12.5ರಷ್ಟು ಸರ್ವೀಸ್ ಚಾರ್ಜ್ ಸೇರಿಸುವುದು ಇಲ್ಲಿ ರೂಢಿ. ಅದು ಸೇರಿದೆಯೋ ಇಲ್ಲವೋ ನೋಡಿಕೊಂಡು ಟಿಪ್ ಕೊಡಿ.

ಜೇಬಿನಲ್ಲಿ ಗುರುತಿನ ಚೀಟಿ ಬೇಕೇಬೇಕು. ಕಾನೂನಿನ ಪ್ರಕಾರ ವಯಸ್ಸು 18 ಆಗಿದ್ದರೆ ಸಾಕು. ಆದರೆ 25ಕ್ಕಿಂತ ಚಿಕ್ಕವರಂತೆ ಕಂಡರೆ ಬಹಳಷ್ಟು ಕಡೆ ಕೇಳುತ್ತಾರೆ. ಊರಿಂದ ಬಂದವರು ಪಾಸ್‌ಪೋರ್ಟ್ ಇಟ್ಟುಕೊಳ್ಳಿ, ಆಧಾರ್ ತೋರಿಸಿದರೆ ನಡೆಯುವುದಿಲ್ಲ.

ಹೊರಡುವ ಮುಂಚೆ ಊಟ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಖಾಲಿ ಹೊಟ್ಟೆಯಲ್ಲಿ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ. ನಾನು ಮಧ್ಯಾಹ್ನ ಎರಡಕ್ಕೆ ಮನೆಯಲ್ಲೇ ಅನ್ನ ಸಾರು ಪಲ್ಯ ಗಟ್ಟಿಯಾಗಿ ಉಂಡು, ರಾತ್ರಿಗೆಂದು ಮೊಸರನ್ನ ಕಲಸಿ ಫ್ರಿಜ್‌ನಲ್ಲಿಟ್ಟು ಹೊರಡುತ್ತೇನೆ.

ಶನಿವಾರ: ಸೋಹೊ

ಮೊದಲ ದಿನಕ್ಕೆ ಸೋಹೊ ಒಳ್ಳೆಯದು. ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಓಲ್ಡ್ ಕಾಂಪ್ಟನ್ ಸ್ಟ್ರೀಟ್ ಒಂದೇ ಬೀದಿಯಲ್ಲಿ ಬಾರ್ ಟೆರ್ಮಿನಿ ಇದೆ, ಸ್ವಿಫ್ಟ್ ಇದೆ. ಟೆರ್ಮಿನಿ ಇಟಲಿಯ ರೈಲು ನಿಲ್ದಾಣದ ಕಾಫಿ ಅಂಗಡಿಯ ಹಾಗೆ ಪುಟ್ಟದು. ಅಲ್ಲಿನ ನೆಗ್ರೋನಿ ಹೆಸರುವಾಸಿ. ಹಾಗಲಕಾಯಿ ಗೊಜ್ಜು ಇಷ್ಟಪಡುವವರಿಗೆ ನೆಗ್ರೋನಿಯ ಕಹಿ ಹಿಡಿಸುತ್ತದೆ ಎಂಬುದು ನನ್ನ ಅನುಭವ. ಸ್ವಿಫ್ಟ್‌ನಲ್ಲಿ ಐರಿಷ್ ಕಾಫಿ ಕುಡಿಯಿರಿ. ಮೇಲೆ ತಣ್ಣನೆ ಕೆನೆ, ಕೆಳಗೆ ಬಿಸಿ ಕಾಫಿ ಮತ್ತು ವಿಸ್ಕಿ. ಮಳೆಯಲ್ಲಿ ನೆನೆದು ಬಂದ ಮೈಗೆ ಅದಕ್ಕಿಂತ ಹಿತವಾದದ್ದು ಈ ಊರಿನಲ್ಲಿ ನನಗೆ ಸಿಕ್ಕಿಲ್ಲ.

ಕಾಫಿ ಅಂದಾಗ ವೋಡ್ಕಾ ಮತ್ತು ಕಾಫಿ ಸೇರಿಸಿ ಮಾಡುವ ಎಸ್‌ಪ್ರೆಸ್ಸೊ ಮಾರ್ಟಿನಿ ನೆನಪಾಗುತ್ತದೆ. ಅದು ಹುಟ್ಟಿದ್ದೂ ಇದೇ ಸೋಹೊದಲ್ಲಿ, 1980ರ ದಶಕದಲ್ಲಿ, ಡಿಕ್ ಬ್ರ್ಯಾಡ್ಸೆಲ್ ಎಂಬ ಬಾರ್‌ಟೆಂಡರ್ ಕೈಯಲ್ಲಿ. ಫಿಲ್ಟರ್ ಕಾಫಿಯ ನಾಲಿಗೆ ಇರುವ ನಮಗೆ ಅದು ಸುಲಭವಾಗಿ ಒಗ್ಗುತ್ತದೆ. ಆದರೆ ಎಚ್ಚರ. ಕಾಫಿಯ ಚುರುಕು ಮದ್ಯದ ಮಂಪರನ್ನು ಮುಚ್ಚಿಡುತ್ತದೆ, ಇಳಿಸುವುದಿಲ್ಲ. ಏರಿಲ್ಲ ಎಂದುಕೊಂಡೇ ಜಾಸ್ತಿ ಕುಡಿದಿರುತ್ತೀರಿ. ಕಾಫಿ ಇರುವ ಗ್ಲಾಸ್ ದಿನಕ್ಕೆ ಒಂದೇ ಸಾಕು.

ಮೂರನೆಯದಕ್ಕೆ ಸ್ಟ್ರ್ಯಾಂಡ್ ಕಡೆಗೆ ಕಾಲು ಗಂಟೆ ನಡೆಯಿರಿ. ಸವಾಯ್ ಹೋಟೆಲ್‌ನ ಅಮೆರಿಕನ್ ಬಾರ್ ಅಲ್ಲಿದೆ. 1903ರಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಹೆಡ್ ಬಾರ್‌ಟೆಂಡರ್ ಆಗಿದ್ದವರು ಏಡಾ ಕೋಲ್‌ಮನ್. ಇಂಗ್ಲೆಂಡಿನ ಹೆಂಗಸರಿಗೆ ಓಟಿನ ಹಕ್ಕೇ ಇಲ್ಲದಿದ್ದ ಕಾಲದಲ್ಲಿ ಅವರು ಆ ಬಾರ್ ನಡೆಸಿದರು. ದಣಿದು ಬಂದ ಚಾರ್ಲ್ಸ್ ಹಾಟ್ರಿ ಎಂಬ ನಟ 'ಗಟ್ಟಿಯಾದದ್ದೇನಾದರೂ ಕೊಡಿ' ಎಂದು ಕೇಳಿದಾಗ ಅವರು ಮಾಡಿಕೊಟ್ಟದ್ದೇ ಹ್ಯಾಂಕಿ ಪ್ಯಾಂಕಿ. ಜಿನ್, ಸಿಹಿ ವರ್ಮೂತ್, ಜೊತೆಗೆ ಕೆಲವು ಹನಿ ಫರ್ನೆಟ್ ಬ್ರಾಂಕಾ ಎಂಬ ಕಹಿ ಮದ್ಯ. ನೂರು ವರ್ಷ ದಾಟಿದ ಆ ರುಚಿಯನ್ನು ಅದೇ ಬಾರ್‌ನಲ್ಲಿ ಕೂತು ಕುಡಿಯುವಾಗ ನನಗೆ ಪ್ರತಿ ಸಲವೂ ಮೈ ಜುಮ್ ಎನ್ನುತ್ತದೆ. ಇಲ್ಲಿಗೆ ಹಬ್ಬದ ಪಾಸ್ ನಡೆಯುತ್ತದೆಯೋ ಆ ವರ್ಷದ ಪಟ್ಟಿಯಲ್ಲಿ ನೋಡಿ. ಬಟ್ಟೆ ಒಂದಿಷ್ಟು ಚೆನ್ನಾಗಿರಲಿ.

ಮಾರ್ಟಿನಿ ಬೇಕೇ ಬೇಕು ಎನ್ನುವವರು ಅದನ್ನು ದಿನದ ಮೊದಲ ಗ್ಲಾಸ್ ಆಗಿ ಕುಡಿಯಿರಿ, ಕೊನೆಯದಾಗಿ ಬೇಡ. ಅದು ಹೆಚ್ಚೂಕಡಿಮೆ ಬರೀ ಜಿನ್. ಸೇಂಟ್ ಜೇಮ್ಸ್ ಕಡೆಯ ಡ್ಯೂಕ್ಸ್ ಬಾರ್ ಮಾರ್ಟಿನಿಗೇ ಹೆಸರಾದದ್ದು, ಅಲ್ಲಿ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೊಡುವುದಿಲ್ಲ. ಒಂದರ ಗಾತ್ರ ನೋಡಿದರೆ ಯಾಕೆಂದು ತಿಳಿಯುತ್ತದೆ.

ಸಸ್ಯಾಹಾರಿಗಳು ಕೇಳಬೇಕಾದ ಪ್ರಶ್ನೆ

ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೊಟ್ಟೆ ಮುಟ್ಟದ ಗೆಳೆಯನೊಬ್ಬನಿಗೆ ನಾನೇ ವಿಸ್ಕಿ ಸಾರ್ (sour, ಅಂದರೆ ನಿಂಬೆ ಹುಳಿಯ ಕಾಕ್‌ಟೇಲ್) ಕೊಡಿಸಿದ್ದೆ. ಮೇಲಿನ ಬಿಳಿ ನೊರೆ ಮೊಟ್ಟೆಯ ಬಿಳಿಯದು ಎಂದು ಅರ್ಧ ಗ್ಲಾಸ್ ಆದ ಮೇಲೆ ಗೊತ್ತಾಯಿತು. ಅವನು ಏನೂ ಅನ್ನಲಿಲ್ಲ, ನನಗೆ ಮಾತ್ರ ಇವತ್ತಿಗೂ ಬೇಜಾರಿದೆ.

ಹೆಸರಿನಲ್ಲಿ 'ಸಾರ್' ಇದ್ದು ನೊರೆ ದಪ್ಪಗಿದ್ದರೆ ಮೊಟ್ಟೆ ಇದೆ ಎಂದೇ ತಿಳಿಯಿರಿ. ವೈಟ್ ಲೇಡಿ ಎಂಬ ಜಿನ್ ಕಾಕ್‌ಟೇಲ್‌ನಲ್ಲೂ ಬಹಳ ಕಡೆ ಹಾಕುತ್ತಾರೆ. ಮೊಟ್ಟೆ ಬೇಡ ಎಂದರೆ ಯಾವ ಒಳ್ಳೆಯ ಬಾರ್‌ಟೆಂಡರೂ ಮುಖ ಸಿಂಡರಿಸುವುದಿಲ್ಲ. ಬದಲಿಗೆ ಆಕ್ವಾಫಾಬಾ ಹಾಕುತ್ತಾರೆ. ಹೆಸರು ಕೇಳಿ ಹೆದರಬೇಡಿ, ಅದು ಕಾಬೂಲಿ ಕಡಲೆ ಬೇಯಿಸಿದ ಕಟ್ಟು. ನಾವು ಸಾರು ಮಾಡುವ ಕಟ್ಟಿನಿಂದ ಇವರು ನೊರೆ ಎಬ್ಬಿಸುತ್ತಾರೆ ಅಷ್ಟೆ!

ಬ್ಲಡಿ ಮೇರಿಯಲ್ಲಿ ಟೊಮೆಟೊ ರಸವೇ ಕಾಣುತ್ತದೆ, ಆದರೆ ಅದಕ್ಕೆ ಹಾಕುವ ವೂಸ್ಟರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ಕಂಪಾರಿಯ ಕೆಂಪು ಹಿಂದೆ ಕೊಚಿನೀಲ್ ಎಂಬ ಹುಳುವಿನಿಂದ ಬರುತ್ತಿತ್ತು. 2006ರಿಂದ ಬಹುತೇಕ ದೇಶಗಳಲ್ಲಿ ಅದನ್ನು ಬಿಟ್ಟಿದ್ದಾರೆ. ಬೇರೆ ಕಹಿ ಮದ್ಯಗಳಲ್ಲಿ ಈಗಲೂ ಆ ಬಣ್ಣ ಸಿಗಬಹುದು, ಕೇಳಿ. ಮಿಲ್ಕ್ ಪಂಚ್ ನೀರಿನಂತೆ ತಿಳಿಯಾಗಿದ್ದರೂ ಅದರೊಳಗೆ ಹಾಲು ಒಡೆಸಿ ಸೋಸಿರುತ್ತಾರೆ. ಹಾಲು ಆಗದವರು ದೂರ ಇರಿ.

ಪಂಚ್ ಎಂಬ ಹೆಸರು ನಮ್ಮ ಕಡೆಯಿಂದಲೇ ಹೋದದ್ದು ಎಂಬ ಮಾತು ಬಹಳ ಹಳೆಯದು. ಮದ್ಯ, ಸಕ್ಕರೆ, ನಿಂಬೆ, ನೀರು, ಮಸಾಲೆ ಸೇರಿ ಐದು. ಪಂಚಾಮೃತದ ಪಂಚ. 1632ರಲ್ಲಿ ಭಾರತದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನೌಕರನೊಬ್ಬ ಬರೆದ ಪತ್ರದಲ್ಲಿ ಈ ಪದ ಸಿಗುತ್ತದೆ. ಬಾರ್‌ಟೆಂಡರ್‌ಗೆ ಈ ಕಥೆ ಹೇಳಿದರೆ ಮಾತು ತಾನಾಗಿಯೇ ಬೆಳೆಯುತ್ತದೆ.

ಆರ್ಡರ್ ಮಾಡುವ ಬಗೆ

ಮೆನು ಅರ್ಥವಾಗದಿದ್ದರೆ ರುಚಿ ಹೇಳಿ. ಹುಳಿ ಬೇಕಾ, ಕಹಿ ಬೇಕಾ, ಸಿಹಿ ಎಷ್ಟು, ಮದ್ಯ ಗಟ್ಟಿಯಾಗಿ ಇರಬೇಕಾ ಹಗುರವಾಗಿಯಾ. ಇಷ್ಟು ಸಾಕು. ಸಾಧ್ಯವಾದರೆ ಮೇಜು ಬಿಟ್ಟು ಕೌಂಟರ್ ಮುಂದೆ ಕೂರಿ. ನಿಂಬೆ ರಸ ಇರುವುದನ್ನು ಕುಲುಕುತ್ತಾರೆ, ಬರೀ ಮದ್ಯದ್ದನ್ನು ಚಮಚದಲ್ಲಿ ಮೆಲ್ಲಗೆ ತಿರುಗಿಸುತ್ತಾರೆ. ಎರಡರಲ್ಲೂ ಐಸ್ ಕರಗಿ ನೀರು ಸೇರುವುದು ಕೂಡ ಅಳತೆಯ ಭಾಗವೇ. ಆ ಕೈಚಳಕ ನೋಡುವುದಕ್ಕಾದರೂ ಅಲ್ಲಿ ಕೂರಬೇಕು.

ಹಿಂದಿನ ಕಪಾಟಿನಲ್ಲಿ ಅಮೃತ್ ಇದೆಯಾ ಎಂದು ಒಮ್ಮೆ ಕಣ್ಣಾಡಿಸಿ. ಬೆಂಗಳೂರಿನ ಈ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಬಿಡುಗಡೆಯಾದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ವಿಸ್ಕಿಯ ತವರಿಗೇ ಹೋಗಿ ನಿಂತ ಬಾಟಲಿಯನ್ನು ಲಂಡನ್ನಿನ ಕಪಾಟಿನಲ್ಲಿ ಕಂಡರೆ ಖುಷಿಯಾಗುತ್ತದೆ.

ಪ್ರತಿ ಗ್ಲಾಸ್ ಜೊತೆ ಒಂದು ಲೋಟ ನೀರು. ಇಂಗ್ಲೆಂಡಿನ ಬಾರ್‌ಗಳು ಕೇಳಿದವರಿಗೆ ನಲ್ಲಿ ನೀರನ್ನು ಪುಕ್ಕಟೆ ಕೊಡಬೇಕು ಎಂಬ ನಿಯಮವೇ ಇದೆ, ಸಂಕೋಚ ಬೇಡ. ಕುಡಿಯದವರೂ ಈ ಸುತ್ತಾಟಕ್ಕೆ ಬರಬಹುದು. 2015ರಲ್ಲಿ ಇಂಗ್ಲೆಂಡಿನಲ್ಲೇ ಶುರುವಾದ ಸೀಡ್‌ಲಿಪ್‌ನಂಥ ಮದ್ಯವಿಲ್ಲದ ಪಾನೀಯಗಳು ಬಂದ ಮೇಲೆ ಅವರಿಗೂ ಒಳ್ಳೆಯ ಗ್ಲಾಸ್ ಸಿಗುತ್ತದೆ. ಬರೀ ಕಿತ್ತಳೆ ರಸ ಹಿಡಿದು ಕೂರಬೇಕಿಲ್ಲ.

ವಾಪಸ್ ಬರುವುದು

ಶುಕ್ರವಾರ ಮತ್ತು ಶನಿವಾರ ರಾತ್ರಿ ಐದು ಟ್ಯೂಬ್ ಲೈನ್‌ಗಳು ರಾತ್ರಿಯಿಡೀ ಓಡುತ್ತವೆ: ವಿಕ್ಟೋರಿಯಾ, ಜುಬಿಲಿ, ಸೆಂಟ್ರಲ್, ನಾರ್ದರ್ನ್, ಪಿಕಡಿಲಿ. ಆದರೆ ಎಲ್ಲ ಲೈನ್‌ಗಳೂ ಪೂರ್ತಿ ಓಡುವುದಿಲ್ಲ. ನಾರ್ದರ್ನ್ ಲೈನ್‌ನ ಬ್ಯಾಂಕ್ ಕವಲಿಗೆ ರಾತ್ರಿ ರೈಲಿಲ್ಲ, ನಾವು ಭಾನುವಾರ ಹೋಗುವ ಓಲ್ಡ್ ಸ್ಟ್ರೀಟ್ ಇರುವುದು ಆ ಕವಲಿನಲ್ಲಿ. ಶನಿವಾರಕ್ಕೆ ಸೋಹೊ ಇಟ್ಟದ್ದು ಇದಕ್ಕೇ. ಲೆಸ್ಟರ್ ಸ್ಕ್ವೇರ್‌ನಿಂದ ನಡುರಾತ್ರಿಯೂ ರೈಲು ಸಿಗುತ್ತದೆ. ಕಾರು ತರುವ ಯೋಚನೆಯೇ ಬೇಡ.

ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳಿಗೆ ಒಂದು ಮಾತು. ಯಾರಾದರೂ ಕಾಟ ಕೊಟ್ಟರೆ ಕೌಂಟರ್‌ಗೆ ಹೋಗಿ 'ಆ್ಯಂಜೆಲಾ ಇದ್ದಾರಾ?' ಎಂದು ಇಂಗ್ಲಿಷಿನಲ್ಲಿ ಕೇಳಿ. ಅದು ಸಹಾಯ ಬೇಕು ಎಂಬುದಕ್ಕೆ ಇಟ್ಟ ಗುಟ್ಟಿನ ಮಾತು. ಈ ವ್ಯವಸ್ಥೆಯಲ್ಲಿ ಸೇರಿದ ಬಾರ್‌ನವರು ಟ್ಯಾಕ್ಸಿ ಕರೆಸುತ್ತಾರೆ, ಇಲ್ಲವೇ ಬೇರೆ ಸಹಾಯ ಮಾಡುತ್ತಾರೆ. ಗ್ಲಾಸ್ ಬಿಟ್ಟು ಎದ್ದು ಹೋಗಬೇಡಿ.

ಭಾನುವಾರ: ಓಲ್ಡ್ ಸ್ಟ್ರೀಟ್ ಕಡೆ

ಎದ್ದಾಗ ತಲೆ ಭಾರವಿದ್ದರೆ ಇವತ್ತು ಕುಡಿಯಬೇಡಿ, ಪಾಸ್ ದುಡ್ಡು ಹೋದರೆ ಹೋಗಲಿ. ಚೆನ್ನಾಗಿದ್ದರೆ ಮಧ್ಯಾಹ್ನವೇ ಹೊರಡಿ. ಕೆಲವು ಬಾರ್‌ಗಳು ಭಾನುವಾರ ತೆರೆಯುವುದಿಲ್ಲ, ಕೆಲವು ಬೇಗ ಮುಚ್ಚುತ್ತವೆ. ಹೊರಡುವ ಮೊದಲು ನೋಡಿ.

ಓಲ್ಡ್ ಸ್ಟ್ರೀಟ್‌ನ ಟೇಯರ್ ಪ್ಲಸ್ ಎಲಿಮೆಂಟರಿ ನನಗೆ ತುಂಬಾ ಇಷ್ಟ. ಮೋನಿಕಾ ಬರ್ಗ್ ಮತ್ತು ಅಲೆಕ್ಸ್ ಕ್ರಾಟೆನಾ 2019ರಲ್ಲಿ ತೆರೆದದ್ದು. ಅಲ್ಲಿನ ಒನ್ ಸಿಪ್ ಮಾರ್ಟಿನಿ ಹೆಸರೇ ಹೇಳುವಂತೆ ಒಂದೇ ಗುಟುಕು, ಜೊತೆಗೆ ಬ್ಲೂ ಚೀಸ್ ತುಂಬಿದ ಒಂದು ಆಲಿವ್. ಮಾರ್ಟಿನಿ ಅಂದರೆ ಏನೆಂದು ತಿಳಿಯಬೇಕು, ಆದರೆ ಪೂರ್ತಿ ಗ್ಲಾಸ್ ಬೇಡ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಎರಡನೆಯದು ಬೆತ್ನಲ್ ಗ್ರೀನ್‌ನ ಸೇಟನ್ಸ್ ವಿಸ್ಕರ್ಸ್. ಅಲ್ಲಿ ಮೆನು ದಿನಾ ಬದಲಾಗುತ್ತದೆ, ಹಳೆಯ ಕಾಲದ ಕಾಕ್‌ಟೇಲ್‌ಗಳನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ.

ಎರಡರ ನಡುವೆ ಬ್ರಿಕ್ ಲೇನ್ ಸುತ್ತಿ ನಡೆಯಿರಿ. ಬೈಗಲ್ (ಬಳೆಯಾಕಾರದ ಬ್ರೆಡ್) ಮಾರುವ ಬೈಗಲ್ ಬೇಕ್ ಅಂಗಡಿ ಹಗಲೂ ರಾತ್ರಿ ತೆರೆದಿರುತ್ತದೆ. ಕ್ರೀಮ್ ಚೀಸ್ ಹಾಕಿದ ಬಿಸಿ ಬೈಗಲ್ ತಿಂದು, ಅಲ್ಲೇ ನಿಂತು ಕುಡಿದದ್ದರ ಹೆಸರು ಮತ್ತು ಅದರಲ್ಲಿ ಹಾಕಿದ್ದನ್ನು ಫೋನಿನಲ್ಲಿ ಬರೆದುಕೊಳ್ಳಿ. ಸೋಮವಾರಕ್ಕೆ ಅದು ಮರೆತುಹೋಗುತ್ತದೆ. ನನ್ನ ಫೋನಿನಲ್ಲಿ ಅಂಥ ಪಟ್ಟಿ ಹೋದ ನಾಲ್ಕು ವರ್ಷದ್ದಿದೆ. ಯಾವ ಗ್ಲಾಸ್ ಯಾರ ಜೊತೆ ಕುಡಿದೆ ಎಂದೂ ಬರೆದಿಟ್ಟಿದ್ದೇನೆ.

ರಾತ್ರಿ ಎಂಟಕ್ಕೆ ಬಾರ್‌ನಿಂದ ಎದ್ದುಬಿಟ್ಟರೆ ಒಂಬತ್ತಕ್ಕೆ ಮನೆ. ಫ್ರಿಜ್‌ನಲ್ಲಿ ಉಳಿದ ಮೊಸರನ್ನ, ಪಕ್ಕಕ್ಕೆ ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿ.